ಕಡಲತೀರ ಕಟ್ಟಿದವರು: ಸ್ಖೇವೆನಿಂಗನ್‌ನಿಂದ ದುಬೈವರೆಗೆ

ನೆದರ್ಲ್ಯಾಂಡ್ಸ್‌ನ ಕುಟುಂಬವೊಂದು ಚಳಿಗಾಲದ ಒಂದು ವಾರವನ್ನು ಅರಬ್ ಮರುಭೂಮಿಯಂಚಿನ ದುಬೈಯಲ್ಲಿ ಕಳೆಯಲು ಯೋಜಿಸುವಾಗ, ಹಿತವಾದ ಋತುವನ್ನು ಆರಿಸುವುದು, ಕಡಲಿಗೆ ಮುಖಮಾಡಿದ ಕೋಣೆಯನ್ನು ಕಾಯ್ದಿರಿಸುವುದು, ಹೋಟೆಲಿಗೇ ಸೇರಿದ ತೀರವನ್ನು ಬಯಸುವುದು ಇವೆಲ್ಲ ಇಂದು ತೀರ ಸಹಜವೆನಿಸುತ್ತವೆ. ಈ ಪದ್ಧತಿಗಳಲ್ಲಿ ಹೆಚ್ಚಿನವು ಆ ಕುಟುಂಬದ ಸ್ವಂತ ನಾಡಿನ ತಣ್ಣನೆಯ ಕಡಲಂಚಿನಲ್ಲೂ ಎರಡು ಶತಮಾನಗಳ ಕಾಲ ಹಂತಹಂತವಾಗಿ ರೂಪುಗೊಂಡವು. ಅದಕ್ಕಿಂತ ಮುಖ್ಯವಾಗಿ, ಕೊಲ್ಲಿಯ ಅತಿ ಪ್ರಸಿದ್ಧವಾದ ವಿಹಾರತೀರದ ಮರಳನ್ನು ಸಮುದ್ರತಳದಿಂದ ಎತ್ತಿ ಹರಡಿದವರೂ ಡಚ್ಚರೇ ಆಗಿದ್ದಾರೆ. ಈ ಎರಡು ಕಥನಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಹೇಳಲಾಗುತ್ತದೆಯಾದರೂ ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗುವುದಿಲ್ಲ.

ಹೇಗ್ ನಗರಕ್ಕೆ ಹೊಂದಿಕೊಂಡಿರುವ ಸ್ಖೇವೆನಿಂಗನ್ ಮೂಲತಃ ಮೀನುಗಾರರ ಹಳ್ಳಿ. 1570ರ ಪ್ರವಾಹದಲ್ಲಿ ಅದರ ಒಂದು ಭಾಗ ಕಡಲುಪಾಲಾಯಿತು. ಅಂಥ ನೆನಪನ್ನು ಹೊತ್ತವರಿಗೆ ಕಡಲು ಹೊಟ್ಟೆ ಹೊರೆಯುವ, ಒಮ್ಮೊಮ್ಮೆ ಮನೆಯನ್ನೇ ಕಸಿಯುವ ಶಕ್ತಿಯಾಗಿತ್ತೇ ಹೊರತು ವಿರಾಮದ ತಾಣವಾಗಿರಲಿಲ್ಲ. ಕವಿಯೂ ಒರಾಂಯೆ ರಾಜಮನೆತನದ ಕಾರ್ಯದರ್ಶಿಯೂ ಆಗಿದ್ದ ಕಾನ್‌ಸ್ಟಾಂಟೈನ್ ಹೈಗನ್ಸ್‌ನ ಯೋಜನೆಯಂತೆ, ಮರಳದಿಬ್ಬಗಳ ನಡುವೆ ನೇರವಾಗಿ ಹಾಯ್ದ ಕಲ್ಲುಹಾಸಿನ ಸುಂಕದ ರಸ್ತೆಯೊಂದು 1665ರಲ್ಲಿ ಸಂಚಾರಕ್ಕೆ ತೆರೆದಾಗ, ಮೀನು ಹೇಗ್‌ನ ಮಾರುಕಟ್ಟೆಗೆ ಬೇಗ ತಲುಪುವಂತಾಯಿತು. ಅದೇ ದಾರಿಯಲ್ಲಿ ನಗರದ ಸಿರಿವಂತರ ಗಾಡಿಗಳು ಎದುರು ದಿಕ್ಕಿನಿಂದ ಬರತೊಡಗಿದವು.

ಸಿರಿವಂತರನ್ನು ನೀರಿಗಿಳಿಸಿದ್ದು ವೈದ್ಯಶಾಸ್ತ್ರ. ಇಂಗ್ಲೆಂಡಿನ ವೈದ್ಯ ರಿಚರ್ಡ್ ರಸೆಲ್ 1750ರಲ್ಲಿ ಗ್ರಂಥಿಗಳ ರೋಗಕ್ಕೆ ಕಡಲನೀರೇ ಮದ್ದೆಂದು ಪ್ರತಿಪಾದಿಸಿದ ಮೇಲೆ ಬ್ರೈಟನ್ನಿನಲ್ಲಿ ಬೆಳೆದ ಸಮುದ್ರಸ್ನಾನದ ರೂಢಿ ಜರ್ಮನಿಯ ತೀರಗಳಿಗೆ ಹರಡಿ, ಅನಂತರ ನೆದರ್ಲ್ಯಾಂಡ್ಸ್‌ಗೂ ಬಂದಿತು. ಸ್ಖೇವೆನಿಂಗನ್‌ನವನೇ ಆದ ಯಾಕೊಬ್ ಪ್ರೊಂಕ್ 1818ರಲ್ಲಿ ಮರಳದಿಬ್ಬದ ಮೇಲೆ ನಾಲ್ಕು ಕೋಣೆಗಳ ಮರದ ಸ್ನಾನಗೃಹವನ್ನು ಕಟ್ಟಿದನು. ಕಡಲಿಗೇ ಇಳಿಯಬಯಸುವವರಿಗೆ ಸ್ನಾನದ ಬಂಡಿಗಳಿದ್ದವು. ಇವು ಕುದುರೆಯಿಂದ ಎಳೆಸಿ ಅಲೆಗಳ ನಡುವೆ ನಿಲ್ಲಿಸುವ, ಒಳಗೆ ಬಟ್ಟೆ ಬದಲಿಸಿಕೊಂಡು ಯಾರ ಕಣ್ಣಿಗೂ ಬೀಳದೆ ನೀರಿಗಿಳಿಯಲು ಅನುಕೂಲವಾದ ಮುಚ್ಚುಗಾಡಿಗಳು. 1828ರಲ್ಲಿ ನಗರಾಡಳಿತವೇ ದೊಡ್ಡ ಸ್ನಾನಗೃಹವನ್ನು ತೆರೆಯಿತು. ಎಷ್ಟು ದಿನ ತಂಗಬೇಕು, ನೀರಿನಲ್ಲಿ ಎಷ್ಟು ಹೊತ್ತು ಇರಬೇಕು ಎಂಬುದನ್ನು ವೈದ್ಯರು ನಿರ್ಧರಿಸುತ್ತಿದ್ದ ಆ ಕಾಲದಲ್ಲಿ ಪ್ರವಾಸದ ಯೋಜನೆಯೆಂದರೆ ಬಹುಪಾಲು ಚಿಕಿತ್ಸೆಯ ಯೋಜನೆಯೇ ಆಗಿತ್ತು.

1864ರಲ್ಲಿ ಹೇಗ್ ಮತ್ತು ಸ್ಖೇವೆನಿಂಗನ್ ನಡುವೆ ದೇಶದ ಮೊದಲ ಕುದುರೆ ಟ್ರಾಮ್ ಓಡಿತು. 1885ರಲ್ಲಿ ಹೆಂಕೆನ್‌ಹಾಫ್ ಮತ್ತು ಎಬರ್ಟ್ ಎಂಬ ಜರ್ಮನ್ ವಾಸ್ತುಶಿಲ್ಪಿಗಳು ವಿನ್ಯಾಸಗೊಳಿಸಿದ ಕೂರ್‌ಹೌಸ್, ಅಂದರೆ ಹೋಟೆಲ್, ಸ್ನಾನ, ಸಂಗೀತ ಮೂರನ್ನೂ ಒಂದೇ ಸೂರಿನಡಿ ತಂದ ಆರೋಗ್ಯಸೌಧ, ತೀರದ ಮೇಲೆ ಎದ್ದು ನಿಂತಿತು. ಮರುವರ್ಷವೇ ಸುಟ್ಟುಹೋದರೂ 1887ರಲ್ಲಿ ಮತ್ತೆ ತೆರೆದ ಆ ಕಟ್ಟಡದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಬೇಸಿಗೆಯ ಕಛೇರಿಗಳನ್ನು ನೀಡುತ್ತಿತ್ತು. ಅದಕ್ಕೆ ತುಸು ಮೊದಲಿನ ತೀರ ಹೇಗಿತ್ತೆಂಬುದನ್ನು ಕಲಾವಿದ ಹೆಂಡ್ರಿಕ್ ವಿಲೆಮ್ ಮೆಸ್ಡಾಖ್ 1881ರಲ್ಲಿ ಪೂರ್ಣಗೊಳಿಸಿದ, ಸುಮಾರು 14 ಮೀಟರ್ ಎತ್ತರ ಹಾಗೂ 120 ಮೀಟರ್ ಸುತ್ತಳತೆಯ ವೃತ್ತಾಕಾರದ ಚಿತ್ರವು ಇಂದಿಗೂ ಹೇಗ್‌ನಲ್ಲಿ ಉಳಿಸಿಕೊಂಡಿದೆ. ಅದರಲ್ಲಿ ಮರಳಿನ ಮೇಲೆ ಸಾಲಾಗಿ ನಿಂತಿರುವುದು ಬೊಮ್‌ಸ್ಖೌಟ್ ಎಂಬ ಚಪ್ಪಟೆ ತಳದ ಮೀನುಗಾರಿಕೆ ದೋಣಿಗಳು. ಬಂದರಿಲ್ಲದ ಊರಿನಲ್ಲಿ ದೋಣಿಯನ್ನು ದಡಕ್ಕೇ ಏರಿಸಿ ನಿಲ್ಲಿಸಬೇಕಿತ್ತು. ವಿಹಾರಿಗಳ ಬಂಡಿಗಳೂ ಅದೇ ತೀರಕ್ಕೆ ಬರುತ್ತಿದ್ದವು.

1894ರ ಡಿಸೆಂಬರಿನ ಬಿರುಗಾಳಿ ಆ ದೋಣಿಗಳಲ್ಲಿ ಬಹಳಷ್ಟನ್ನು ಒಂದರ ಮೇಲೊಂದು ಅಪ್ಪಳಿಸಿ ಒಡೆಯಿತು. ಬಳಿಕ ಕಡಲಗೋಡೆಯೂ ಅದರ ಮೇಲೆ ವಾಯುವಿಹಾರದ ಬೀದಿಯೂ ಆದವು. 1904ರಲ್ಲಿ ಬಂದರು ಸಿದ್ಧವಾಯಿತು. ಮೀನುಗಾರರ ಸುರಕ್ಷತೆಗೆ ಇದರಿಂದಾದ ಉಪಕಾರ ನಿರ್ವಿವಾದ. ಆದರೂ ತಲೆಮಾರುಗಳ ಕಾಲ ಅವರ ಅಂಗಳವಾಗಿದ್ದ ಕಡಲಮುಂದು ಈ ಮೂಲಕವೇ ಸಂಪೂರ್ಣವಾಗಿ ವಿಹಾರಿಗಳ ಪಾಲಾಯಿತೆಂಬುದನ್ನು, ಪ್ರಗತಿಯ ಚರಿತ್ರೆ ಬರೆಯುವವರು ಮರೆಯುವುದು ನ್ಯಾಯವಲ್ಲ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಇಲ್ಲಿನ ನಿವಾಸಿಗಳನ್ನು ತೆರವುಗೊಳಿಸಿ ತೀರವನ್ನು ಕಾಂಕ್ರೀಟಿನ ಕೋಟೆಯಾಗಿ ಮಾಡಿತು. ಯುದ್ಧಾನಂತರ ಸಂಬಳಸಹಿತ ರಜೆ ಸಾಮಾನ್ಯ ದುಡಿಮೆಗಾರರಿಗೂ ದೊರೆತು, ಬಾಡಿಗೆ ವಿಮಾನಗಳು ಅವರನ್ನು ಸ್ಪೇನಿನ ಬಿಸಿಲಿಗೆ ಒಯ್ದವು. ಕೊಲ್ಲಿಯ ಸರದಿ ಬಂದದ್ದು ಆಮೇಲೆ.

ಆ ಸರದಿ ಬರುವ ಹೊತ್ತಿಗೆ ಡಚ್ಚರ ಇನ್ನೊಂದು ವೃತ್ತಿ ಕೊಲ್ಲಿಗೆ ಹೋಗಲು ಸಜ್ಜಾಗಿತ್ತು. ನವಮಂಗಳೂರು ಬಂದರನ್ನು ಬಲ್ಲವರಿಗೆ ಡ್ರೆಜ್ಜಿಂಗ್ ಎಂದು ಪರಿಚಿತವಾದ ಹೂಳೆತ್ತುವ ಕಸುಬು ನೆದರ್ಲ್ಯಾಂಡ್ಸ್‌ನಲ್ಲಿ ನದಿ, ಕಾಲುವೆಗಳಷ್ಟೇ ಹಳೆಯದು. ಉದ್ದ ಕೋಲಿನ ತುದಿಗೆ ಕಬ್ಬಿಣದ ಬಳೆಯೂ ಬಲೆಯೂ ಇರುವ ಸಾಧನದಿಂದ ಕೆಸರನ್ನು ಕೈಯಲ್ಲೇ ಗೋರಿ ದೋಣಿಗೆ ತುಂಬುವುದರಿಂದ ಆರಂಭವಾಗಿ, ಕುದುರೆ ತಿರುಗಿಸುವ ಕೆಸರುಗಿರಣಿ, ಉಗಿಯಂತ್ರದ ಬಕೆಟ್ ಸರಪಳಿ ಎಂದು ಅದು ಬೆಳೆಯಿತು. ಸ್ಲೀಡ್ರೆಖ್ಟ್ ಮತ್ತು ವರ್ಕೆಂಡಾಮ್ ಊರುಗಳು ಇದಕ್ಕೆ ತವರು. ಅಲ್ಲಿನ ಬಡವರು ಬೀಸ್‌ಬೋಸ್ ಜೌಗಿನ ಗುಡಿಸಲುಗಳಲ್ಲಿ ಬೀಡುಬಿಟ್ಟು ವಿಲ್ಲೋ ಕಡ್ಡಿ ಕಡಿದು, ಅದನ್ನು ಹೆಣೆದು ವಿಶಾಲವಾದ ಚಾಪೆಗಳನ್ನು ಮಾಡುತ್ತಿದ್ದರು. ಕಲ್ಲು ಹೇರಿ ಮುಳುಗಿಸಿದ ಈ ಚಾಪೆ ನೀರಿನ ಸೆಳೆತಕ್ಕೆ ತಳ ಕೊಚ್ಚಿಹೋಗದಂತೆ ಕಾಯುತ್ತಿತ್ತು. ಈ ಪರಿಸರದಲ್ಲಿಯೇ ಖೋವರ್ಟ್ ವಾನ್ ಓರ್ಡ್ 1868ರಲ್ಲಿ ವರ್ಕೆಂಡಾಮ್‌ನಲ್ಲಿ ತನ್ನ ಉದ್ಯಮವನ್ನು ಸ್ಥಾಪಿಸಿದನು. 1932ರಲ್ಲಿ ಮುಗಿದ ಆಫ್‌ಸ್ಲೌಟ್‌ಡೈಕ್ ಎಂಬ ಮಹಾ ಅಡ್ಡಗಟ್ಟೆ, 1,836 ಜನರನ್ನು ಬಲಿ ತೆಗೆದುಕೊಂಡ 1953ರ ಪ್ರವಾಹದ ತರುವಾಯ ಕೈಗೊಂಡ ಡೆಲ್ಟಾ ಕಾಮಗಾರಿಗಳು, ಈ ಕಸುಬಿನವರಿಗೆ ತೆರೆದ ಕಡಲಿನಲ್ಲಿ ದುಡಿಯುವ ಪರಿಣತಿಯನ್ನು ಕಲಿಸಿದವು.

ದುಬೈ 2001ರಲ್ಲಿ ಪಾಮ್ ಜುಮೇರಾ ಎಂಬ ಖರ್ಜೂರದ ಮರದಾಕಾರದ ಕೃತಕ ದ್ವೀಪವನ್ನು ಕಟ್ಟಲು ಹೊರಟಾಗ ಆ ಕೆಲಸ ವಾನ್ ಓರ್ಡ್ ಸಂಸ್ಥೆಗೆ ಬಂದುದರ ಹಿನ್ನೆಲೆ ಇದು. ಸುತ್ತ ಮರುಭೂಮಿಯಿದ್ದರೂ ಗಾಳಿಗೆ ಸವೆದು ನಯವಾದ ಅದರ ಮರಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲದು. ಆದ್ದರಿಂದ ಕೊಲ್ಲಿಯ ತಳದ ಒರಟು ಮರಳನ್ನೇ, ಸುಮಾರು 9.4 ಕೋಟಿ ಘನ ಮೀಟರಿನಷ್ಟು, ಹಡಗುಗಳು ಹೀರಿ ತಂದು ಕಾಮನಬಿಲ್ಲಿನ ಕಮಾನಿನಂತೆ ಚಿಮ್ಮಿಸಿ ಹರಡಿದವು. ದ್ವೀಪದ ಆಕಾರವನ್ನು ಉಪಗ್ರಹದ ಸ್ಥಾನಸೂಚನೆಯಿಂದ ಅಳೆಯಲಾಯಿತು. ಸಡಿಲ ಮರಳನ್ನು ಕಂಪನದಿಂದ ಬಿಗಿಗೊಳಿಸಲಾಯಿತು. ಸುತ್ತಲಿನ ತಡೆಗೋಡೆಯೊಳಗೆ ನೀರು ಹಳಸುವ ಭಯ ತಲೆದೋರಿದಾಗ ಅಲ್ಲಲ್ಲಿ ತೆರಪುಗಳನ್ನು ಬಿಟ್ಟು ಉಬ್ಬರವಿಳಿತಕ್ಕೆ ದಾರಿ ಮಾಡಬೇಕಾಯಿತು. 2008ರಲ್ಲಿ ಅಟ್ಲಾಂಟಿಸ್ ಹೋಟೆಲ್ ಬಾಗಿಲು ತೆರೆಯಿತು. ಅಂಥ ಹೋಟೆಲುಗಳನ್ನು ಕಟ್ಟಿದ, ನಡೆಸುತ್ತಿರುವ ದಕ್ಷಿಣ ಏಷ್ಯಾದ ದುಡಿಮೆಗಾರರಲ್ಲಿ ಕನ್ನಡ ಕರಾವಳಿಯವರೂ ಇದ್ದಾರೆ. ಕೊಲ್ಲಿಯ ತೀರವನ್ನು ಅವರು ಬಲ್ಲದ್ದು ಪಾಳಿಯ ಕೆಲಸದ ಮೂಲಕ.

ಇತ್ತ ಸ್ವದೇಶದಲ್ಲಿಯೂ ತೀರವನ್ನು ಕಟ್ಟುವ ಕೆಲಸ ನಿಂತಿಲ್ಲ. 1990ರಲ್ಲಿ ತನ್ನ ಕಡಲರೇಖೆಯನ್ನು ಹಿಂದೆ ಸರಿಯಗೊಡದಿರಲು ನಿರ್ಧರಿಸಿದ ಡಚ್ ಸರಕಾರ ಆಗಿನಿಂದ ಕೊರೆದುಹೋದ ಕಡೆಗಳಿಗೆಲ್ಲ ಮರಳು ಸುರಿಸುತ್ತ ಬಂದಿದೆ. ಸ್ಖೇವೆನಿಂಗನ್‌ನಲ್ಲಿ ಅಗಲಗೊಳಿಸಿದ ತೀರದ ಹಿಂದೆ, ಮನೂಯೆಲ್ ದೆ ಸೋಲಾ-ಮೊರಾಲೆಸ್ ವಿನ್ಯಾಸಗೊಳಿಸಿದ ವಾಯುವಿಹಾರದ ಬೀದಿಯ ಒಡಲಲ್ಲಿಯೇ ಪ್ರವಾಹ ತಡೆಯುವ ಒಡ್ಡು ಅಡಗಿದೆ. ಅಲ್ಲಿಂದ ದಕ್ಷಿಣಕ್ಕೆ, ಟೆರ್ ಹೈಡೆಯ ಬಳಿ 2011ರಲ್ಲಿ 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಕೊಂಬಿನಾಕಾರದಲ್ಲಿ ರಾಶಿಹಾಕಿ, ಗಾಳಿ, ಅಲೆ ಮತ್ತು ಸೆಳೆತಗಳೇ ಅದನ್ನು ವರ್ಷಗಟ್ಟಲೆ ತೀರದುದ್ದಕ್ಕೂ ಹಂಚುವಂತೆ ಬಿಡಲಾಯಿತು. ಮರಳಿನ ಯಂತ್ರವೆಂದು ಹೆಸರಾದ ಈ ಪ್ರಯೋಗದ ಮಾದರಿಯಲ್ಲಿ 2019ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ತೀರದ ಬ್ಯಾಕ್ಟನ್‌ನಲ್ಲಿಯೂ ಮರಳು ಸುರಿಯಲಾಗಿದ್ದು, ಆ ಕೆಲಸವನ್ನೂ ವಾನ್ ಓರ್ಡ್ ಸಂಸ್ಥೆಯೇ ನಿರ್ವಹಿಸಿತು.