ಗಾಡಿ ಕೆಟ್ಟು ನಿಂತಾಗ ಯಾರು ಬರ್ತಾರೆ? ರೋಡ್‌ಸೈಡ್ ಅಸಿಸ್ಟೆನ್ಸ್ ಹುಟ್ಟಿದ ಕಥೆ

ಇವತ್ತಿನ ವಿಷಯ ಕೇಳಿದರೆ "ಇದರಲ್ಲಿ ಇತಿಹಾಸ ಎಲ್ಲಿಂದ ಬಂತು" ಅಂತ ನಿಮಗೆ ಅನ್ನಿಸಬಹುದು. ಅಮೆರಿಕದಲ್ಲಿ ಆರ್‌ವಿ ಓಡಿಸ್ಕೊಂಡು ಪ್ರವಾಸ ಹೋಗೋರು ಯಾವ ರೋಡ್‌ಸೈಡ್ ಅಸಿಸ್ಟೆನ್ಸ್ ಪ್ಲಾನ್ ತಗೋಬೇಕು ಅನ್ನೋದು ವಿಷಯ.

ಆರ್‌ವಿ ಅಂದರೆ ಗೊತ್ತಲ್ಲ, ಚಕ್ರದ ಮೇಲಿನ ಮನೆ. ಮಲಗೋಕೆ ಹಾಸಿಗೆ, ಅಡುಗೆಗೆ ಒಲೆ, ಫ್ರಿಡ್ಜು, ಟಾಯ್ಲೆಟ್ಟು ಎಲ್ಲವೂ ಒಳಗೇ. ಅಲ್ಲಿರೋ ನಮ್ಮ ಕನ್ನಡದ ಕುಟುಂಬಗಳೂ ಬೇಸಿಗೆ ರಜೆಯಲ್ಲಿ ಊರಿಂದ ಅಪ್ಪ-ಅಮ್ಮ ಬಂದಾಗ ಇಂಥದ್ದೊಂದನ್ನ ಬಾಡಿಗೆಗೆ ತಗೊಂಡು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೊರಡ್ತಾರೆ. ಎಲ್ಲಿ ಇಳ್ಕೋಬೇಕು, ಚಿತ್ರಾನ್ನಕ್ಕೆ ಏನೇನು ಕಟ್ಕೋಬೇಕು ಅಂತ ವಾರಗಟ್ಟಲೆ ಚರ್ಚೆ ಆಗುತ್ತೆ. ಆದರೆ ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ಏನು ಅನ್ನೋ ಕಾಗದಕ್ಕೆ ಓದದೆನೇ ಸಹಿ ಬೀಳುತ್ತೆ. ಆ ಕಾಗದ ಹೇಗೆ ಹುಟ್ಟಿತು ಅಂತ ಗೊತ್ತಾದರೆ, ಅದರಲ್ಲಿ ಯಾವ ಸಾಲಿನ ಮೇಲೆ ಬೆರಳಿಟ್ಟು ಓದಬೇಕು ಅನ್ನೋದೂ ತಾನಾಗೇ ಗೊತ್ತಾಗುತ್ತೆ ಅನ್ನೋದು ನನ್ನ ನಂಬಿಕೆ.

1903ಕ್ಕೆ ಹೋಗೋಣ. ಹೊರೇಷಿಯೋ ನೆಲ್ಸನ್ ಜಾಕ್ಸನ್ ಅಂತ ಒಬ್ಬ ಡಾಕ್ಟರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 50 ಡಾಲರ್ ಪಂದ್ಯ ಕಟ್ಟಿಬಿಟ್ಟರು. 90 ದಿನದೊಳಗೆ ಕಾರಿನಲ್ಲಿ ನ್ಯೂಯಾರ್ಕ್ ಮುಟ್ತೀನಿ ಅಂತ. ಸೀವಲ್ ಕ್ರಾಕರ್ ಅನ್ನೋ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ವಿಂಟನ್ ಕಂಪನಿಯ ಕಾರಿನಲ್ಲಿ ಹೊರಟರು. ದಾರಿಯಲ್ಲಿ ಬಡ್ ಅನ್ನೋ ನಾಯಿಯೂ ಸೇರ್ಕೊಂಡಿತು. 63 ದಿನದಲ್ಲಿ ನ್ಯೂಯಾರ್ಕ್ ಮುಟ್ಟಿದರು, ಪಂದ್ಯ ಗೆದ್ದರು. ಆದರೆ ಆ 63 ದಿನದಲ್ಲಿ ಗಾಡಿ ಕೆಟ್ಟಾಗಲೆಲ್ಲ ಯಾರು ಬಂದರು ನೋಡಿ. ಹಳ್ಳಿಯ ಕಮ್ಮಾರರು ಬಂದರು. ಕುದುರೆ ಮೇಲಿದ್ದ ಒಬ್ಬ ಕೌಬಾಯ್ ಹಗ್ಗ ಕಟ್ಟಿ ಕಾರು ಎಳೆದ. ಬಿಡಿಭಾಗ ಬೇಕಾದರೆ ರೈಲಿನಲ್ಲಿ ಬರೋವರೆಗೂ ಕಾಯಬೇಕಿತ್ತು. ದಾರಿ ಕೇಳಿದಾಗ ಒಬ್ಬ ಹೆಂಗಸು ಬೇಕಂತಲೇ ತಪ್ಪು ದಾರಿ ತೋರಿಸಿದಳಂತೆ. ಯಾಕೆ ಅಂದರೆ, ಅವಳ ಮನೆಯವರು ಯಾರೂ ಅಲ್ಲಿವರೆಗೆ ಕಾರು ನೋಡಿರಲಿಲ್ಲ!

ಅಂದರೆ ಆಗಿನ ರೋಡ್‌ಸೈಡ್ ಅಸಿಸ್ಟೆನ್ಸ್ ಅಂದರೆ ದಾರಿಯಲ್ಲಿ ಸಿಕ್ಕ ಮನುಷ್ಯ. ಅವನು ಒಳ್ಳೆಯವನಾಗಿದ್ದರೆ ನಿಮ್ಮ ಪುಣ್ಯ.

ಈಗ ಸ್ವಲ್ಪ ಹೊತ್ತು ಇಂಗ್ಲೆಂಡಿಗೆ ಹೋಗೋಣ, ಯಾಕಂದರೆ ಸದಸ್ಯರಾದವರಿಗೆ ರಸ್ತೆಯಲ್ಲಿ ಸಹಾಯ ಅನ್ನೋ ಯೋಚನೆ ಅಲ್ಲಿ ಬೆಳೆದ ರೀತಿ ಬಹಳ ಮಜವಾಗಿದೆ. 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್, ಅಂದರೆ ಎಎ ಶುರುವಾಯ್ತು. ಕೆಟ್ಟ ಗಾಡಿ ರಿಪೇರಿ ಮಾಡೋಕೆ ಅಲ್ಲ, ಪೊಲೀಸರಿಂದ ತಪ್ಪಿಸ್ಕೊಳ್ಳೋಕೆ! ಆಗ ಅಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ. ಪೊಲೀಸರು ಪೊದೆಯ ಮರೆಯಲ್ಲಿ ನಿಂತು ಲೆಕ್ಕ ಹಾಕಿ ದಂಡ ಹಾಕ್ತಿದ್ದರು. ಎಎ ಸಂಘದ ಕಾವಲುಗಾರರು ಸೈಕಲ್ ಮೇಲೆ ಓಡಾಡ್ತಾ "ಮುಂದೆ ಪೊಲೀಸರಿದ್ದಾರೆ" ಅಂತ ಸದಸ್ಯರಿಗೆ ಎಚ್ಚರಿಸ್ತಿದ್ದರು. ಇವತ್ತು ಮ್ಯಾಪ್ ಆ್ಯಪ್ ನಿಮ್ಮ ಕಿವಿಯಲ್ಲಿ ಹೇಳೋದನ್ನ ಆಗ ಮನುಷ್ಯರು ಮಾಡ್ತಿದ್ದರು. 1910ರಲ್ಲಿ ಕೋರ್ಟು, ಹೀಗೆ ಎಚ್ಚರಿಸೋದು ಪೊಲೀಸರ ಕೆಲಸಕ್ಕೆ ಅಡ್ಡಿ ಅಂದಿತು. ಸಂಘ ಏನು ಮಾಡ್ತು ಗೊತ್ತಾ? ಕಾವಲುಗಾರ ಮಾಮೂಲಿಯಾಗಿ ಸದಸ್ಯರ ಕಾರಿಗೆ ಸೆಲ್ಯೂಟ್ ಹೊಡೀತಿದ್ದ. ಯಾವತ್ತಾದರೂ ಸೆಲ್ಯೂಟ್ ಹೊಡೀಲಿಲ್ಲ ಅಂದರೆ, ಗಾಡಿ ನಿಲ್ಲಿಸಿ ಯಾಕೆ ಅಂತ ಕೇಳಿ ಅಂತ ಸದಸ್ಯರಿಗೆ ಹೇಳಿಬಿಟ್ಟಿತು. ಸೆಲ್ಯೂಟ್ ಹೊಡೀಲಿಲ್ಲ ಅಂತ ಯಾರನ್ನೂ ಜೈಲಿಗೆ ಹಾಕೋಕಾಗಲ್ಲವಲ್ಲ!

ಇದೇ ಸಂಘ ಆಮೇಲೆ ರಸ್ತೆಬದಿಯಲ್ಲಿ ಟೆಲಿಫೋನ್ ಪೆಟ್ಟಿಗೆಗಳನ್ನ ನಿಲ್ಲಿಸಿತು. ಸದಸ್ಯರ ಹತ್ತಿರ ಅದರ ಕೀಲಿ ಇರ್ತಿತ್ತು. ಪ್ರತಿ ಪೆಟ್ಟಿಗೆಗೂ ಒಂದು ನಂಬರು. ಆ ನಂಬರು ಹೇಳಿದರೆ ಸಾಕು, ನೀವು ಎಲ್ಲಿದ್ದೀರಿ ಅಂತ ಆಫೀಸಿಗೆ ಗೊತ್ತಾಗ್ತಿತ್ತು. ಈ ಪೆಟ್ಟಿಗೆಯನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ವಾಪಸ್ ಅಮೆರಿಕಕ್ಕೆ. ಅಲ್ಲಿ 1902ರಲ್ಲೇ ಶಿಕಾಗೋದಲ್ಲಿ ಒಂಬತ್ತು ಮೋಟಾರು ಕ್ಲಬ್ಬುಗಳು ಸೇರಿ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಮಾಡ್ಕೊಂಡಿದ್ದವು. ಎಲ್ಲರೂ ಟ್ರಿಪಲ್ ಎ ಅಂತಾರೆ. 1915ರಲ್ಲಿ ಮಿಸ್ಸೋರಿಯ ಕ್ಲಬ್ಬು ಸೇಂಟ್ ಲೂಯಿಸ್ ನಗರದಲ್ಲಿ ಮೋಟಾರ್ ಸೈಕಲ್ ಮೇಲೆ ಮೆಕ್ಯಾನಿಕ್‌ಗಳನ್ನ ಬಿಟ್ಟು, ಕೆಟ್ಟು ನಿಂತ ಕಾರುಗಳಿಗೆ ಪ್ರಥಮ ಚಿಕಿತ್ಸೆ ಶುರು ಮಾಡ್ತು.

ಅದೇ 1915ರಲ್ಲಿ ಇನ್ನೊಂದು ಘಟನೆ. ನ್ಯೂಯಾರ್ಕ್ ರಾಜ್ಯದ ಹಂಟಿಂಗ್ಟನ್ ಊರಿಂದ ಕಾಂಕ್ಲಿನ್ ಅನ್ನೋ ಶ್ರೀಮಂತ ಕುಟುಂಬ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡ್ತು. ಅವರ ಗಾಡಿಯ ಹೆಸರು ಜಿಪ್ಸಿ ವ್ಯಾನ್. ಉದ್ದ 25 ಅಡಿ, ತೂಕ 8 ಟನ್. ಒಳಗೆ ಅಡುಗೆಮನೆ, ಮಲಗೋ ಬರ್ತು, ಕರೆಂಟಿಗೆ ಜನರೇಟರು, ಗ್ರಾಮಫೋನು, ಮೇಲ್ಗಡೆ ತಾರಸಿ ತೋಟ! ಸೇಂಟ್ ಲೂಯಿಸ್‌ನಲ್ಲಿ ಮೋಟಾರ್ ಸೈಕಲ್ ಮೇಲೆ ಬರೋ ಮೆಕ್ಯಾನಿಕ್‌ನ, ಈ 8 ಟನ್ ಮನೆಯ ಪಕ್ಕ ನಿಲ್ಲಿಸಿ ಊಹಿಸ್ಕೊಳ್ಳಿ. ಅವನು ಏನು ಮಾಡೋಕಾಗುತ್ತೆ? ಸಹಾಯ ಬರೋದು ಬೇರೆ, ನಿಮ್ಮ ಗಾಡಿಗೆ ತಕ್ಕ ಸಹಾಯ ಬರೋದು ಬೇರೆ. ಆರ್‌ವಿ ಓಡಿಸೋರಿಗೆ ಇವತ್ತಿಗೂ ದೊಡ್ಡ ಸಮಸ್ಯೆ ಇದೇ.

ಭಾರ ಎತ್ತೋ ಉಪಾಯ ಬಂದಿದ್ದು ಮರುವರ್ಷ. ಟೆನೆಸ್ಸಿಯ ಚಟ್ಟನೂಗದಲ್ಲಿ ಅರ್ನೆಸ್ಟ್ ಹೋಮ್ಸ್ ಅಂತ ಗ್ಯಾರೇಜ್ ಇಟ್ಟುಕೊಂಡವರು. ಸ್ನೇಹಿತನ ಕಾರು ಹಳ್ಳಕ್ಕೆ ಬಿದ್ದಾಗ ಅದನ್ನ ಮೇಲೆತ್ತೋಕೆ ಆರು ಜನ ಹಗ್ಗ, ರಾಟೆ ಹಿಡಿದು ಎಂಟು ಗಂಟೆ ಒದ್ದಾಡಿದರು ಅಂತ ಕಥೆ ಇದೆ. ಇದು ಆಗೋ ಹೋಗೋ ಕೆಲಸ ಅಲ್ಲ ಅಂತ ಹೋಮ್ಸ್, 1913ರ ಕ್ಯಾಡಿಲ್ಯಾಕ್ ಕಾರಿನ ಚಾಸಿ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂರಿಸಿದರು. ನಾವು ಇವತ್ತು ನೋಡೋ ಟೋಯಿಂಗ್ ಗಾಡಿಗಳ ಮೂಲ ಅದು.

ಇಷ್ಟೆಲ್ಲ ಬಂದಮೇಲೂ ಊರಿಂದ ದೂರ ಇದ್ದಾಗ, ದಾರಿಯಲ್ಲಿ ಸಿಕ್ಕ ಮನುಷ್ಯನೇ ಗತಿ. 1966ರಲ್ಲಿ ಟ್ರೇಲರ್ ಲೈಫ್ ಅನ್ನೋ ಪತ್ರಿಕೆಗೆ ಯೂಟಾ ರಾಜ್ಯದ ಒಬ್ಬ ಓದುಗ ಪತ್ರ ಬರೆದರು. ಕಷ್ಟದಲ್ಲಿರೋರಿಗೆ ಸಹಾಯ ಮಾಡೋಕೆ ನಾವು ತಯಾರು ಅಂತ ತಿಳಿಸೋಕೆ ಓದುಗರೆಲ್ಲ ಗಾಡಿಗೆ ಒಂದೇ ಥರದ ಸ್ಟಿಕ್ಕರ್ ಅಂಟಿಸ್ಕೊಂಡರೆ ಹೇಗೆ ಅಂತ ಅದರಲ್ಲಿ ಕೇಳಿದ್ದರು. ಪತ್ರಿಕೆ 50 ಸೆಂಟ್‌ಗೆ ಒಂದು ಸ್ಟಿಕ್ಕರ್ ಕೊಡ್ತು. ಬೈಬಲ್ಲಿನಲ್ಲಿ, ದಾರಿಯಲ್ಲಿ ಬಿದ್ದಿದ್ದ ಅಪರಿಚಿತನನ್ನ ಎತ್ತಿ ಉಪಚರಿಸೋ ಸಮಾರ್ಯದವನ ಕಥೆ ಇದೆಯಲ್ಲ, ಅವನ ಹೆಸರಿಂದಲೇ ಗುಡ್ ಸ್ಯಾಮ್ ಕ್ಲಬ್ ಹುಟ್ಟಿತು. ಇವತ್ತು ಅಮೆರಿಕದಲ್ಲಿ ಆರ್‌ವಿ ರೋಡ್‌ಸೈಡ್ ಪ್ಲಾನ್ ಮಾರೋ ದೊಡ್ಡ ಹೆಸರುಗಳಲ್ಲಿ ಗುಡ್ ಸ್ಯಾಮ್ ಒಂದು. 50 ಸೆಂಟಿನ ಸ್ಟಿಕ್ಕರು ಈಗ ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟೋ ಒಪ್ಪಂದ ಆಗಿದೆ.

"ಅಯ್ಯೋ, ಮನುಷ್ಯತ್ವವನ್ನೂ ವ್ಯಾಪಾರ ಮಾಡಿಬಿಟ್ಟರಲ್ಲ" ಅಂತ ಬೇಜಾರು ಮಾಡ್ಕೊಳ್ಳೋದು ಸುಲಭ. ಆದರೆ ಅದೇ ಹೊತ್ತಿನ ಇನ್ನೊಂದು ಪುಸ್ತಕ ಇದೆ. ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆಯವರು ವಿಕ್ಟರ್ ಹ್ಯೂಗೋ ಗ್ರೀನ್. ಅವರು 1936ರಿಂದ ಗ್ರೀನ್ ಬುಕ್ ಅನ್ನೋ ಕೈಪಿಡಿ ತರೋಕೆ ಶುರು ಮಾಡಿದರು. ಕಾರಿನಲ್ಲಿ ಪ್ರಯಾಣ ಮಾಡೋ ಕಪ್ಪು ಜನರಿಗೆ ಯಾವ ಊರಲ್ಲಿ ಯಾವ ಹೋಟೆಲಲ್ಲಿ ರೂಮು ಕೊಡ್ತಾರೆ, ಎಲ್ಲಿ ಊಟ ಸಿಗುತ್ತೆ, ಯಾವ ಪೆಟ್ರೋಲ್ ಬಂಕು, ಯಾವ ಗ್ಯಾರೇಜು ಹತ್ತಿರ ಸೇರಿಸುತ್ತೆ ಅನ್ನೋ ಪಟ್ಟಿ ಅದು. ಕತ್ತಲಾದ ಮೇಲೆ ಕಪ್ಪು ಜನ ಇರಲೇಬಾರದು ಅನ್ನೋ ಊರುಗಳಿದ್ದ ಕಾಲ. ಅಂಥ ಊರಿನ ಹೊರಗೆ ಸಂಜೆ ಹೊತ್ತು ಗಾಡಿ ಕೆಟ್ಟರೆ, ಎದುರಿಗೆ ಬರೋ ದೀಪ ಸಹಾಯವೋ ಅಪಾಯವೋ ಗೊತ್ತಾಗ್ತಿರಲಿಲ್ಲ. ಆ ಪುಸ್ತಕದ ಕೊನೆಯ ಆವೃತ್ತಿ 1966-67ರದು. ಗುಡ್ ಸ್ಯಾಮ್ ಸ್ಟಿಕ್ಕರ್ ಬಂದಿದ್ದೂ 1966ರಲ್ಲೇ.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಪ್ಲಾನ್ ಅನ್ನೋದರ ಅರ್ಥ ಬದಲಾಯ್ತು. ದಾರಿಹೋಕನ ಕರುಣೆ ದೊಡ್ಡದು, ಆದರೆ ಅದು ಮುಖ ನೋಡಿ ನಿಲ್ಲುತ್ತೆ. ಒಪ್ಪಂದ ಮುಖ ನೋಡೋದಿಲ್ಲ, ಸದಸ್ಯತ್ವದ ನಂಬರು ಕೇಳುತ್ತೆ. ಬಣ್ಣ, ಭಾಷೆ, ಉಚ್ಚಾರಣೆ ಯಾವುದೇ ಇದ್ದರೂ ಗಾಡಿ ಬರಲೇಬೇಕು. ಬೇರೆ ದೇಶದ ಹೈವೇಲಿ ವಯಸ್ಸಾದ ಅಪ್ಪ-ಅಮ್ಮನ್ನ ಕೂರಿಸ್ಕೊಂಡು ನಿಂತಿರೋರಿಗೆ ಇದು ಸಣ್ಣ ಧೈರ್ಯ ಅಲ್ಲ. ಹಾಗಂತ ಒಪ್ಪಂದಕ್ಕೂ ಒಂದು ಕುರುಡು ಇದೆ. ಅದು ನಿಮ್ಮ ಕಷ್ಟವನ್ನೂ ನೋಡೋದಿಲ್ಲ, ಷರತ್ತು ಮಾತ್ರ ನೋಡುತ್ತೆ. ಅದಕ್ಕೇ ಓದಬೇಕು. ಏನೇನು ಓದಬೇಕು?

ಮೊದಲನೇದು, ಗಾಡಿ. ಜಿಪ್ಸಿ ವ್ಯಾನ್ ನೆನಪಿಸ್ಕೊಳ್ಳಿ. ಕಾರಿಗೆ ಅಂತ ತಗೊಂಡ ಪ್ಲಾನು ಆರ್‌ವಿಗೆ ಅನ್ವಯ ಆಗುತ್ತೆ ಅಂತ ಅಂದ್ಕೋಬೇಡಿ. ಟ್ರಿಪಲ್ ಎ ಮೂಲ ಸದಸ್ಯತ್ವದಲ್ಲೇ ಆರ್‌ವಿ ಟೋಯಿಂಗ್ ಸೇರಿರೋದಿಲ್ಲ, ಅದಕ್ಕೆ ಬೇರೆ ಸೇರಿಸ್ಕೋಬೇಕು. ನಿಮ್ಮ ಗಾಡಿಯ ಉದ್ದ, ತೂಕ ಹೇಳಿ, ಅದನ್ನ ಎಳೆಯೋ ದೊಡ್ಡ ಟೋಯಿಂಗ್ ಗಾಡಿ ಕಳಿಸ್ತೀರಾ ಅಂತಲೇ ಕೇಳಿ. ಹಿಂದೆ ಕಾರೋ ಟ್ರೇಲರೋ ಕಟ್ಟಿದ್ದರೆ ಅದೂ ಸೇರಿದೆಯಾ ನೋಡಿ.

ಎರಡನೇದು, ದೂರ. ಇಂಗ್ಲೆಂಡಿನ ಎಎ 1973ರಲ್ಲಿ ರಿಲೇ ಅನ್ನೋ ಸೇವೆ ತಂದಿತು. ರಸ್ತೆಬದಿಯಲ್ಲಿ ರಿಪೇರಿ ಆಗದಿದ್ದರೆ, ಸದಸ್ಯ ಹೇಳಿದ ಊರಿಗೇ ಗಾಡಿ ಸಾಗಿಸೋದು. ಹತ್ತಿರದ ಗ್ಯಾರೇಜಿಗೆ ಬಿಟ್ಟು ಕೈತೊಳೆದುಕೊಂಡರೆ ಪ್ರಯಾಣಿಕನ ಕಷ್ಟ ಮುಗಿಯಲ್ಲ ಅನ್ನೋದು ಅದರ ಹಿಂದಿದ್ದ ತಿಳಿವಳಿಕೆ. ಅಮೆರಿಕದ ಪ್ಲಾನುಗಳಲ್ಲಿ ಕೆಲವು ಇಷ್ಟು ಮೈಲಿ ಅಂತ ಲೆಕ್ಕ ಹಾಕ್ತವೆ. ಕೆಲವು ಹತ್ತಿರದ ಸರ್ವಿಸ್ ಸೆಂಟರ್‌ವರೆಗೆ ಎಷ್ಟೇ ದೂರ ಆದರೂ ಅಂತವೆ. ಪಶ್ಚಿಮದ ಮರುಭೂಮಿ ಕಡೆ ಹೋಗೋರಿಗೆ ಎರಡನೇದು ವಾಸಿ, ಯಾಕಂದರೆ ಅಲ್ಲಿ ದೊಡ್ಡ ಆರ್‌ವಿ ರಿಪೇರಿ ಮಾಡೋ ಜಾಗ ನೂರಾರು ಮೈಲಿ ಆಚೆ ಇರಬಹುದು. ಇನ್ನೊಂದು ಮಾತು, ಟೋಯಿಂಗ್ ಗಾಡಿಯ ಕ್ಯಾಬಿನ್‌ನಲ್ಲಿ ಕೂರೋಕಾಗೋದು ಇಬ್ಬರೋ ಮೂವರೋ. ಆರು ಜನರ ಕುಟುಂಬ ಆದರೆ ಉಳಿದವರು ಹೇಗೆ ಬರ್ತಾರೆ, ರಾತ್ರಿ ಹೋಟೆಲ್ ಖರ್ಚು ಯಾರದು ಅಂತ ಮೊದಲೇ ಕೇಳಿ.

ಮೂರನೇದು, ರಸ್ತೆ ಮತ್ತು ಟೈರು. ಟಾರು ರಸ್ತೆ ಬಿಟ್ಟು ಕಾಡಿನ ಮಣ್ಣುದಾರಿಗೆ ಇಳಿದರೆ ಎಷ್ಟೋ ಪ್ಲಾನುಗಳು ಬರೋದಿಲ್ಲ. ಇನ್ನು ಟೈರು ಬದಲಾಯಿಸಿ ಕೊಡ್ತೀವಿ ಅಂದರೆ ನಿಮ್ಮ ಸ್ಟೆಪ್ನಿ ಹಾಕಿ ಕೊಡ್ತೀವಿ ಅಂತ ಅರ್ಥ. ಆದರೆ ಎಷ್ಟೋ ಮೋಟಾರ್‌ಹೋಮ್‌ಗಳಲ್ಲಿ ಸ್ಟೆಪ್ನಿಯೇ ಇರೋದಿಲ್ಲ.

ನಾಲ್ಕನೇದು, ಕರೆಯೋದು ಹೇಗೆ. ಆ ಟೆಲಿಫೋನ್ ಪೆಟ್ಟಿಗೆ ನೆನಪಿದೆಯಲ್ಲ? ಯೆಲ್ಲೋಸ್ಟೋನ್‌ನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗೋದಿಲ್ಲ. ನಿಮ್ಮ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಅದು ಬರೀ ಚಿತ್ರ. ಸದಸ್ಯತ್ವದ ನಂಬರು, ಫೋನ್ ನಂಬರು ಎರಡನ್ನೂ ಕಾಗದದ ಮೇಲೆ ಬರ್ಕೊಂಡು ಇಟ್ಕೊಳ್ಳಿ. ದಾರಿಯಲ್ಲಿ ಸಿಗೋ ಮೈಲಿಗಲ್ಲಿನ ನಂಬರು ನೋಡ್ತಾ ಇರಿ. ನೂರು ವರ್ಷದ ಹಿಂದೆ ಪೆಟ್ಟಿಗೆಯ ನಂಬರು ಮಾಡ್ತಿದ್ದ ಕೆಲಸವನ್ನೇ ಅದು ಮಾಡುತ್ತೆ. ಬಾಡಿಗೆ ಗಾಡಿ ಆದರೆ ಬಾಡಿಗೆ ಕಂಪನಿಯದೇ ಸಹಾಯವಾಣಿ ಇರುತ್ತಾ, ನೀವು ಬೇರೆ ಪ್ಲಾನ್ ತಗೊಂಡರೆ ಮೊದಲು ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಕೀ ಕೈಗೆ ತಗೊಳ್ಳೋ ಮುಂಚೆ ಕೇಳಿ ತಿಳ್ಕೊಳ್ಳಿ.

ಮುಗಿಸೋ ಮುಂಚೆ ಒಂದು ಮಾತು. ಅರ್ನೆಸ್ಟ್ ಹೋಮ್ಸ್ ಅವರ ಊರು ಚಟ್ಟನೂಗದಲ್ಲಿ ಈಗ ಟೋಯಿಂಗ್ ಗಾಡಿಗಳದೇ ಒಂದು ಮ್ಯೂಸಿಯಂ ಇದೆ. ಅಲ್ಲೊಂದು ಸ್ಮಾರಕ ಗೋಡೆ. ಅದರ ಮೇಲೆ ರಸ್ತೆಬದಿಯಲ್ಲಿ ಬೇರೆಯವರ ಗಾಡಿ ಎತ್ತೋಕೆ ಹೋಗಿ, ಕೆಲಸದಲ್ಲಿರುವಾಗಲೇ ಸತ್ತವರ ಹೆಸರುಗಳಿವೆ. ಪ್ಲಾನು ಎಂಥದ್ದೇ ಇರಲಿ, ಕೊನೆಗೆ ಕತ್ತಲಲ್ಲಿ, ಪಕ್ಕದಲ್ಲಿ ಲಾರಿಗಳು ಭರ್ರನೆ ಹೋಗ್ತಿರುವಾಗ, ನಿಮ್ಮ ಚಕ್ರದ ಹತ್ತಿರ ಮಂಡಿಯೂರಿ ಕೂರೋದು ಒಬ್ಬ ಮನುಷ್ಯ. ಅಮೆರಿಕದ 50 ರಾಜ್ಯಗಳಲ್ಲೂ ಈಗ ಕಾನೂನಿದೆ: ರಸ್ತೆಬದಿಯಲ್ಲಿ ಅಂಥ ಗಾಡಿಯ ದೀಪ ಮಿನುಗ್ತಾ ಇದ್ದರೆ ಪಕ್ಕದ ಲೇನಿಗೆ ಸರೀಬೇಕು, ಆಗದಿದ್ದರೆ ವೇಗ ಇಳಿಸಬೇಕು. ನಮ್ಮ ತುಮಕೂರು ರಸ್ತೆಯಲ್ಲೋ ಹುಬ್ಬಳ್ಳಿ ದಾರಿಯಲ್ಲೋ ಹೋಗುವಾಗಲೂ ಅದನ್ನೇ ಮಾಡೋಣ. ನಿಮ್ಮದೇ ಗಾಡಿ ನಮ್ಮ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಫೋನ್ ಮಾಡಿ. ಈಗಲೇ ಸೇವ್ ಮಾಡ್ಕೊಂಡುಬಿಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಗಾಡಿ ಓಡಿಸಿ.