ಹಲ್ಲಿನ ಚಿನ್ನಕ್ಕೆ ರಾಯಲ್ಟಿ ಯಾರಿಗೆ?

ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡಿಸೋದು ನಿಮಗೆಲ್ಲ ಗೊತ್ತು. ಫಿಲ್ಲಿಂಗನ್ನು ಬಾಯೊಳಗೇ ತುಂಬುತ್ತಾರೆ. ಇನ್‌ಲೇ ಹಾಗಲ್ಲ, ಗುಳಿಯ ಅಳತೆಗೆ ಹೊರಗಡೆ ತಯಾರಿಸಿ, ತಂದು ಸಿಮೆಂಟ್ ಹಚ್ಚಿ ಕೂರಿಸುತ್ತಾರೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಕಥೆಯಲ್ಲಿ ನನ್ನ ಕಣ್ಣು ಹಲ್ಲಿಗಿಂತ ಪೇಟೆಂಟ್ ಮೇಲೇ ಜಾಸ್ತಿ.

19ನೇ ಶತಮಾನದ ಅಮೆರಿಕದಲ್ಲಿ ಒಳ್ಳೇ ಫಿಲ್ಲಿಂಗ್ ಅಂದ್ರೆ ಚಿನ್ನದ ರೇಕು. ಚೂರು ಚೂರಾಗಿ ಗುಳಿಯೊಳಗಿಟ್ಟು, ಪುಟ್ಟ ಸುತ್ತಿಗೆಯಿಂದ ಬಡಿದು ಬಡಿದು ಗಟ್ಟಿ ಮಾಡಬೇಕು. ದೊಡ್ಡ ಗುಳಿಯಾದ್ರೆ ಗಂಟೆಗಟ್ಟಲೆ ಬಾಯಿ ತೆರೆದೇ ಕೂರಬೇಕು!

1907ರ ಜನವರಿಯಲ್ಲಿ ಷಿಕಾಗೋದ ದಂತವೈದ್ಯ ವಿಲಿಯಂ ಟ್ಯಾಗರ್ಟ್, ನ್ಯೂಯಾರ್ಕಿನ ದಂತವೈದ್ಯರ ಮುಂದೆ ಬೇರೆ ದಾರಿ ಇಟ್ಟರು. ಗುಳಿಗೆ ಮೇಣ ಒತ್ತಿ ಅದೇ ಆಕಾರ ತೆಗೆಯೋದು. ಅದರ ಸುತ್ತ ಪ್ಲಾಸ್ಟರಿನಂಥ ಗಾರೆ ಹಾಕಿ ಕಾಯಿಸೋದು. ಮೇಣ ಕರಗಿ ಹೋಗುತ್ತೆ. ಉಳಿದ ಟೊಳ್ಳಿಗೆ ಕರಗಿದ ಚಿನ್ನವನ್ನು ಗಾಳಿಯ ಒತ್ತಡದಿಂದ ನುಗ್ಗಿಸೋದು.

ವಿಗ್ರಹ ಎರಕ ಹೊಯ್ಯೋರಿಗೆ ಇದು ಹಳೇ ಪಾಠ. ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಮೇಣದ ಪ್ರತಿಮೆ, ಮಣ್ಣಿನ ಲೇಪ, ಕರಗಿದ ಲೋಹ ಎಲ್ಲ ಬರುತ್ತೆ. ಟ್ಯಾಗರ್ಟ್ ಅಲ್ಲಿಂದ ಕದ್ದರು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಬೇಡಿ. ಹಲ್ಲಲ್ಲಿ ಕಷ್ಟ ಇರೋದು ಅಳತೆಯದು. ವಿಗ್ರಹದ ಮೂಗು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ್ರೆ ನಡೆಯುತ್ತೆ, ಇನ್‌ಲೇಗೆ ನಡೆಯಲ್ಲ. ಸಂದು ಬಿಟ್ಟರೆ ಅಲ್ಲೇ ಮತ್ತೆ ಹುಳುಕು. ಚಿನ್ನ ಬೇರೆ ಆರುವಾಗ ಕುಗ್ಗುತ್ತೆ. ಅದಕ್ಕೆ ಸರಿಯಾಗಿ ಹಿಗ್ಗುವ ಗಾರೆ ಬೇಕು.

ಇನ್ನು ದುಡ್ಡಿನ ವಿಷಯ. ಟ್ಯಾಗರ್ಟ್ ಪೇಟೆಂಟ್ ತಗೊಂಡು, ಈ ವಿಧಾನ ಬಳಸೋರೆಲ್ಲ ಹಣ ಕೊಡಿ ಅಂದರು. ದಂತವೈದ್ಯರು ಕೆರಳಿದರು. ಅವರಿಗೆ ಹಳೇ ಗಾಯ ಒಂದಿತ್ತು. ಹಲ್ಲುಸೆಟ್ ಕೂರಿಸುವ ಗಟ್ಟಿ ರಬ್ಬರಿನ ಪೇಟೆಂಟ್ ಹಿಡ್ಕೊಂಡು, ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ವರ್ಷಗಟ್ಟಲೆ ಅವರ ಮೇಲೆ ಕೇಸು ಹಾಕಿತ್ತು. 1879ರಲ್ಲಿ ಆ ಕಂಪನಿಯ ಖಜಾಂಚಿ ಜೊಸೈಯಾ ಬೇಕನ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್ಲೊಂದರಲ್ಲಿ ಗುಂಡಿಟ್ಟು ಕೊಂದಿದ್ದೇ ಒಬ್ಬ ದಂತವೈದ್ಯ.

ಈ ಸಲ ಗುಂಡು ಹಾರಲಿಲ್ಲ, ಕೋರ್ಟಿಗೆ ಹೋದರು. ಅಯೋವಾ ರಾಜ್ಯದ ಫಿಲ್‌ಬ್ರುಕ್ ಅನ್ನೋ ದಂತವೈದ್ಯರು 1890ರ ದಶಕದಲ್ಲೇ ಇದೇ ಕೆಲಸ ಮಾಡಿ, ಅದರ ಬಗ್ಗೆ ಬರೆದೂ ಇದ್ದರು. ಆ ಬರಹ ಹೊರಬಂತು, ಪೇಟೆಂಟ್ ಬಿದ್ದುಹೋಯ್ತು. ಕಾನೂನಿನ ಪ್ರಕಾರ ಸರಿಯೇ. ಆದರೂ ನನಗೆ ಟ್ಯಾಗರ್ಟ್ ಬಗ್ಗೆ ಮರುಕ ಇದೆ. ಫಿಲ್‌ಬ್ರುಕ್ ಬರೆದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಟ್ಯಾಗರ್ಟ್ ದುಡ್ಡು ಕೇಳಿದ ಮೇಲೆ ಎಲ್ಲರಿಗೂ ಫಿಲ್‌ಬ್ರುಕ್ ನೆನಪಾದರು.

1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಕ್ಯಾಮೆರಾದಿಂದ ಗುಳಿಯ ಅಳತೆ ತೆಗೆದು, ಯಂತ್ರದಲ್ಲಿ ಸೆರಾಮಿಕ್ ಕೊರೆದು ಇನ್‌ಲೇ ಕೂರಿಸಿದರು. ಮೇಣವೂ ಬೇಡ, ಎರಕವೂ ಬೇಡ. ಆ ಯಂತ್ರದ ಲೈಸೆನ್ಸ್ ಮಾತ್ರ ಬೇಕಿತ್ತು. ಅದನ್ನು ಕೊಂಡದ್ದು ಸೀಮೆನ್ಸ್ ಕಂಪನಿ.