ಕಡಲಾಚೆಯವರ ಊರ ಖಾತೆ

ಪರದೇಶದಲ್ಲಿ ದುಡಿಯುವವನು ಸ್ವದೇಶದ ಬ್ಯಾಂಕಿನಲ್ಲಿ ಖಾತೆಯಿರಿಸುವ ಪದ್ಧತಿಗೆ ನಮ್ಮಲ್ಲಿ ನಿಯತವಾದ ರೂಪವು ದೊರೆತದ್ದು 1970ರಲ್ಲಿ, ಅನಿವಾಸಿ ಭಾರತೀಯರಿಗಾಗಿ ಎನ್‌ಆರ್‌ಇ ಎಂಬ ರೂಪಾಯಿ ಖಾತೆಯು ಏರ್ಪಟ್ಟಾಗ. ಅಲ್ಲಿ ಗಳಿಸಿದ ಹಣವು ಇಲ್ಲಿ ರೂಪಾಯಿಯಾಗಿ ನಿಂತು, ಒಡೆಯನು ಬಯಸಿದಾಗ ಮತ್ತೆ ವಿದೇಶಕ್ಕೆ ಮರಳಬಹುದೆಂಬುದೇ ಅದರ ವೈಶಿಷ್ಟ್ಯ. ವಿದೇಶೀ ವಿನಿಮಯವು ದುರ್ಲಭವಾಗಿದ್ದ ಆ ಕಾಲದಲ್ಲಿ ಇದು ಅಲ್ಪವಾದ ಅಭಯವಲ್ಲ. ಮೂರು ವರ್ಷಗಳ ತರುವಾಯ ತೈಲದ ಬೆಲೆಯೇರಿ ಕೊಲ್ಲಿಯ ರಾಜ್ಯಗಳು ಕೆಲಸಗಾರರನ್ನು ಕರೆಯತೊಡಗಿದಾಗ ಮಂಗಳೂರು, ಉಡುಪಿ, ಭಟ್ಕಳಗಳಿಂದ ಹೊರಟ ತರುಣರಿಗೆ ಬ್ಯಾಂಕೆಂಬುದು ಅಪರಿಚಿತವಾಗಿರಲಿಲ್ಲ. 1906ರಲ್ಲಿಯೇ, ಮುಂದೆ ಕೆನರಾ ಎಂದೂ ಕಾರ್ಪೊರೇಷನ್ ಎಂದೂ ಹೆಸರಾದ ಎರಡು ಬ್ಯಾಂಕುಗಳಿಗೆ ಜನ್ಮವಿತ್ತು, 1928ರಿಂದ ಪಿಗ್ಮಿ ಠೇವಣಿಯ ಮೂಲಕ ಮನೆಮನೆಗೂ ಉಳಿತಾಯವನ್ನು ಕಲಿಸಿದ ಕರಾವಳಿ ಅವರದು.

ಆದರೂ ದೂರದಿಂದ ಖಾತೆ ತೆರೆಯುವುದು ಸುಲಭಸಾಧ್ಯವಾಗಿರಲಿಲ್ಲ. ಅರ್ಜಿ, ಪಾಸ್‌ಪೋರ್ಟು ವೀಸಾಗಳ ನಕಲು, ಸಹಿಯ ಮಾದರಿ, ಇವೆಲ್ಲವೂ ರಾಯಭಾರ ಕಚೇರಿಯ ಅಥವಾ ನೋಟರಿಯ ದೃಢೀಕರಣವನ್ನು ಹೊತ್ತು ಅಂಚೆಯಲ್ಲಿ ಸಾಗರವನ್ನು ದಾಟಬೇಕಾಗಿತ್ತು. ಕೆಲಸದ ದಿನವೊಂದರ ಕೂಲಿಯನ್ನು ಬಿಟ್ಟು ರಾಯಭಾರ ಕಚೇರಿಗೆ ಹೋಗಬೇಕಾದ ಕಾರ್ಮಿಕನಿಗೆ ಆ ಮುದ್ರೆಯು ಎಷ್ಟು ದುಬಾರಿಯಾದುದೆಂಬುದನ್ನು ನಿಯಮ ರಚಿಸಿದವರು ಸಾಕಷ್ಟು ಚಿಂತಿಸಲಿಲ್ಲವೆಂದೇ ನನ್ನ ಭಾವನೆ.

ಈಗ ಅರ್ಜಿಯನ್ನು ಮೊಬೈಲಿನಲ್ಲಿಯೇ ತುಂಬಬಹುದು. 2023ರ ಆರಂಭದಲ್ಲಿ ಎನ್‌ಪಿಸಿಐ ಸಂಸ್ಥೆಯು ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳಿಂದಲೇ ಈ ಖಾತೆಗಳಲ್ಲಿ ಯುಪಿಐ ಬಳಸಲು ಅವಕಾಶವಿತ್ತಿತು. ಆ ಮೊದಲ ಪಟ್ಟಿಯಲ್ಲಿ ಸೌದಿ, ಒಮಾನ್, ಕತಾರ್, ಸಂಯುಕ್ತ ಅರಬ್ ಸಂಸ್ಥಾನಗಳಿದ್ದವು, ಕುವೈತ್ ಬಹರೈನ್‌ಗಳಿರಲಿಲ್ಲ.